ಲ್ಯಾವೆಂಡರ್ ಎಣ್ಣಿ, ಹೆಸರಿಗಷ್ಟ ಎಣ್ಣಿ

ಲ್ಯಾವೆಂಡರ್ ಎಣ್ಣಿ ಬಗ್ಗೆ ಬರೀರಿ ಅಂತ ಮೂರ್ನಾಕು ಮಂದಿ ಕೇಳೀರಿ. ಕೇಳೂದು ಖರೇನ. ಬೆಂಗಳೂರು, ಪುಣೆದಾಗ ಇರೋ ಮಕ್ಕಳು ಊರಿಗೆ ಬರುವಾಗ ತರೋ ಸಾಮಾನಿನಾಗ ಈಗ ಒಂದು ಕಂದು ಬಣ್ಣದ ಸಣ್ಣ ಬಾಟ್ಲಿ ಇದ್ದ ಇರತೈತಿ. ಹೆಬ್ಬೆರಳಿನಷ್ಟು ಬಾಟ್ಲಿ, ಮುಚ್ಚಳ ತೆಗದ್ರ ಮನಿ ತುಂಬ ವಾಸನಿ. "ಅವ್ವಾ, ನಿದ್ದಿ ಬರಲಿಲ್ಲಂದ್ರ ಇದನ್ನ ಹಚ್ಕೋ, ತಲಿ ನೊಂದ್ರ ಹಚ್ಕೋ, ಸೀರಿ ಟ್ರಂಕಿನಾಗ ಹಾಕು, ಗುಂಗಾಡು ಬಂದ್ರ ಹಾಕು" ಅಂತ ಹೇಳಿ ಕೊಟ್ಟು ಹೋಗತಾರ. ಎಷ್ಟು ಹಾಕಬೇಕು, ಯಾತರಾಗ ಕಲಸಬೇಕು ಅನ್ನೂದು ಮಾತ್ರ ಹೇಳೂದಿಲ್ಲ. ನಾವು ಎಣ್ಣಿ ಅಂದಕೂಡ್ಲೆ ಅಂಗೈಗೆ ಸುರಕೊಂಡು ನೆತ್ತಿಗೆ ತಟ್ಟೋ ಮಂದಿ. ಮನ್ಯಾಗ ಕೂಸಿದ್ರಂತೂ ಕೇಳೂದ ಬ್ಯಾಡ. ಅದಕ್ಕ ಉಪಯೋಗ ಹೇಳೂಕಿಂತ ಮೊದಲ ಈ ನಮೂನಿ ಎಣ್ಣಿ ನಮ್ಮ ಮನಿ ಹೊಸ್ತಿಲಾ ಹೆಂಗ ದಾಟಿ ಬಂತು ಅನ್ನೋ ಕಥಿ ಹೇಳತೀನಿ.

ನಮ್ಮ ಮಾತಿನ್ಯಾಗ ಎಣ್ಣಿ ಅನ್ನೋ ಶಬ್ದ ಒಂದ. ಕುಸುಬಿ ಎಣ್ಣಿನೂ ಎಣ್ಣಿ, ಔಡಲೆಣ್ಣಿನೂ ಎಣ್ಣಿ, ನೀಲಗಿರಿ ಎಣ್ಣಿನೂ ಎಣ್ಣಿ. ಆದ್ರ ಮೊದಲಿನ ಎರಡು ಗಾಣದಾಗ ಹಿಂಡಿದ್ದು. ಕಾಗದದ ಮ್ಯಾಲ ಒಂದು ಹನಿ ಬಿದ್ರ ಜಿಡ್ಡಿನ ಕಲಿ ನಾಳಿಗೂ ಇರತೈತಿ. ಅದ ಕಾಗದದ ಮ್ಯಾಲ ನೀಲಗಿರಿದೋ ಲ್ಯಾವೆಂಡರಿಂದೋ ಒಂದು ಹನಿ ಬಿಟ್ಟು ನೋಡ್ರಿ, ಹೊತ್ತು ಹೋದಂಗ ಹಾರಿ ಹೋಗತೈತಿ, ಜಿಡ್ಡು ಉಳಿಯೂದಿಲ್ಲ. ಯಾಕಂದ್ರ ಅದು ಜಿಡ್ಡಲ್ಲ. ಗಿಡದ ವಾಸನಿಯನ್ನಷ್ಟ ಉಗಿಯೊಳಗ ಎಬ್ಬಿಸಿ, ತಣಿಸಿ, ಹಿಡದು ಬಾಟ್ಲಿಗೆ ತುಂಬಿದ್ದು. ಮೊದಲಿನ ನಮೂನಿ ಎಣ್ಣಿ ನಮಗ ಸಾವಿರ ವರ್ಷದ ರೂಢಿ. ಎರಡನೇದು ನಮ್ಮಂಥೋರ ಮನಿಗೆ ಬಂದು ನೂರು ವರ್ಷದ ಆಜೂಬಾಜೂ ಆಗಿರಬೇಕು.

ಸಾವಿರ ವರ್ಷ ಅಂದದ್ದು ಮಾತಿಗೆ ಅಂದದ್ದಲ್ಲ. 1025ರಾಗ ಚಾವುಂಡರಾಯ ಅನ್ನೋರು ಕನ್ನಡದಾಗ 'ಲೋಕೋಪಕಾರ' ಅಂತ ಒಂದು ಪುಸ್ತಕ ಬರದಾರ. ಶ್ರವಣಬೆಳಗೊಳದ ಗೊಮ್ಮಟನ ಮಾಡಿಸಿದ ಚಾವುಂಡರಾಯ ಬ್ಯಾರೆ, ಇವರು ಬ್ಯಾರೆ. ಇವರು ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದವರು. (ಚಾಲುಕ್ಯರಂದ್ರ ನಮಗ ಬಾದಾಮಿಯವರ ನೆನಪಾಗತಾರ, ಇವರು ಅವರ ನಂತರದ ಮನೆತನ.) ಆ ಪುಸ್ತಕದಾಗ ನೀರು ಎಲ್ಲಿ ಸಿಗತೈತಿ ಅಂತ ನೋಡೂದು, ಗಿಡಕ್ಕ ರೋಗ ಬಂದ್ರ ಏನು ಮಾಡೂದು, ಅಡಗಿ ಹೆಂಗ ಮಾಡೂದು ಎಲ್ಲಾ ಐತಿ. ಅದರ ಜೋಡಿ ಸುಗಂಧ ದ್ರವ್ಯ ಮಾಡೂದಕ್ಕ ಬ್ಯಾರೆ ಒಂದು ಭಾಗನ ಐತಿ. ಅಡಗಿಗೂ ಸುಗಂಧಕ್ಕೂ ಒಂದ ಪುಸ್ತಕದಾಗ ಜಾಗ ಕೊಟ್ಟಾರಂದ್ರ ಅದು ಬರೇ ಅರಮನಿ ಶೋಕಿ ಅಲ್ಲ, ಸಂಸಾರದ ಕೆಲಸ ಅಂತ ತಿಳದಿದ್ರು ಅಂತ ನನಗನಸ್ತೈತಿ.

ಅದಾಗಿ ನೂರು ವರ್ಷಕ್ಕ ಅದ ವಂಶದ ಮೂರನೇ ಸೋಮೇಶ್ವರ ಅರಸ ಸಂಸ್ಕೃತದಾಗ 'ಮಾನಸೋಲ್ಲಾಸ' ಮಾಡಿದ. ಅದರಾಗ ಅರಸನ ಎಣ್ಣಿಸ್ನಾನದ ವರ್ಣನಿ ಐತಿ. ಅಲ್ಲಿ ಎಣ್ಣಿಗೆ ವಾಸನಿ ಕೂಡಸೋ ಪದ್ಧತಿ ಭಾಳ ಚೊಲೋ ಐತಿ. ಎಳ್ಳಿಗೆ ಹೂವಿನ ವಾಸನಿ ಹಿಡಸಬೇಕು, ಆಮ್ಯಾಲ ಆ ಎಳ್ಳನ್ನ ಗಾಣಕ್ಕ ಹಾಕಬೇಕು. ಅಂದ್ರ ಎಳ್ಳು ಒಂದು ಪದರ, ಹೂವು ಒಂದು ಪದರ ಹಾಸಿ, ಹೂವು ಬಾಡಿದ್ರ ತೆಗದು ಹೊಸಾ ಹೂವು ಹಾಸಿ, ಹಿಂಗ ಮಾಡಿಕೋತ ಹೋಗೂದು. ಉತ್ತರ ಹಿಂದುಸ್ತಾನದಾಗ ಕನೌಜು, ಜೌನಪುರದ ಕಡೆ ಮಲ್ಲಿಗಿ ಎಣ್ಣಿನ ಹಿಂಗ ಮಾಡತಿದ್ರು. ಇದು ವಾಸನಿ ಇರೋ ಎಳ್ಳೆಣ್ಣಿ, ನೋಡ್ರಿ. ನೂರರಾಗ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಎಳ್ಳೆಣ್ಣಿನ, ವಾಸನಿ ಬರೇ ಬೆರಳು ಮುಟ್ಟಿದಷ್ಟು. ಅರ್ಧ ಬಟ್ಟಲಾ ಹಚ್ಕೊಂಡು ಎರಕೊಂಡ್ರೂ ಏನೂ ಆಗೂದಿಲ್ಲ. ನಮ್ಮ ಕಡೆ ಕೊಬ್ರೆಣ್ಣಿಗೆ ಮೆಂತೆ, ಮುಡಿವಾಳದ ಬೇರು ಹಾಕಿ ಬಿಸಲಿಗಿಡೂದು, ಬಾಣಂತಿಗೆ ಎಣ್ಣಿ ಕಾಸೂದು, ಎಲ್ಲಾ ಇದ ಜಾತಿ. ನಮ್ಮ ಅಂಗೈ ಅಳತಿ ಹುಟ್ಟಿದ್ದ ಇಲ್ಲಿಂದ.

ಎರಡನೇ ಜಾತಿ ಎಣ್ಣಿ ಹುಟ್ಟೂದು ಒಲಿ ಮ್ಯಾಲ. ಅನ್ನ ಕುದಿಯುವಾಗ ಬೋಗುಣಿ ಮುಚ್ಚಳಾ ಎತ್ತಿದ್ರ ಅದರ ಕೆಳಗ ನೀರಿನ ಹನಿ ಕಟ್ಟಿರತಾವಲ್ಲ, ಆ ಹನಿಗೆ ಅನ್ನದ ವಾಸನಿ ಇರತೈತಿ. ಅನ್ನದ ಬದಲಿ ಹೂವು ಹಾಕಿ, ಆ ಉಗಿಯನ್ನ ಕೊಳವಿಯೊಳಗ ಹಾಯಿಸಿ, ತಣ್ಣೀರಾಗಿಟ್ಟ ಇನ್ನೊಂದು ಕೊಡದಾಗ ಇಳಿಸಿದ್ರ ಅದ ಭಟ್ಟಿ. ಕನೌಜಿನಾಗ ತಾಮ್ರದ ಹಂಡೆ, ಬಿದರಿನ ಕೊಳವಿ ಇಟ್ಕೊಂಡು ಇವತ್ತಿಗೂ ಹಂಗ ಮಾಡತಾರ. ಕೆಳಗ ಇಳದ ನೀರು ಗುಲಾಬಿ ನೀರು, ಅದರ ಮ್ಯಾಲ ತೇಲೋ ತೆಳ್ಳನ ಪದರ ಗುಲಾಬಿ ಎಣ್ಣಿ.

ಆ ಪದರ ಕಂಡು ಹಿಡದ ಹೆಣ್ಣಮಗಳ ಹೆಸರು ಜಹಾಂಗೀರ ಬಾದಶಹ ತನ್ನ ಆತ್ಮಕಥ್ಯಾಗ ಬರದಿಟ್ಟಾನ. ನೂರಜಹಾನಳ ತಾಯಿ, ಅಸ್ಮತ್ ಬೇಗಂ. ಗುಲಾಬಿ ನೀರು ಮಾಡುವಾಗ ಬಿಸಿನೀರು ಸುರದ ತಟ್ಟಿ ಮ್ಯಾಲ ಕೆನಿಹಂಗ ಏನೋ ಕಟ್ಟೂದನ್ನ ಆಕಿ ನೋಡಿದ್ಲು, ಎಲ್ಲಾರಹಂಗ ಚೆಲ್ಲದ ಸ್ವಲ್ಪ ಸ್ವಲ್ಪ ಕೂಡಿಸಿದ್ಲು. ಒಂದ ಹನಿ ಅಂಗೈಗೆ ತಿಕ್ಕಿದ್ರ ಕುಂತ ಸಭೆ ತುಂಬ ವಾಸನಿ ಆಗತಿತ್ತು ಅಂತ ಬಾದಶಹಗ ಎಷ್ಟು ಖುಷಿ ಆತಂದ್ರ ಮುತ್ತಿನ ಸರಾ ಕೊಟ್ಟಾನ. ಕೆನಿ ಕಟ್ಟೂದನ್ನ ನೋಡೂದು ನಮ್ಮಂಥೋರ ಕಣ್ಣು, ಅಲ್ಲೇನ್ರಿ?

ಅದ ಹೊತ್ತಿಗೆ ನಮ್ಮ ಕಡೆ ಬಿಜಾಪುರದಾಗ ಎರಡನೇ ಇಬ್ರಾಹಿಂ ಆದಿಲಶಾಹಿ ಆಳತಿದ್ದ. 1580ರಿಂದ 1627ರ ತನಕಾ. ಸಂಗೀತದ ಹುಚ್ಚು ಇದ್ದಾತ ಅಂತ ಎಲ್ಲಾರಿಗೂ ಗೊತ್ತು, ಸುಗಂಧದ ಹುಚ್ಚೂ ಇತ್ತು ಅನ್ನೂದು ಕಡಿಮಿ ಮಂದಿಗೆ ಗೊತ್ತು. ಆತನ ಸಲುವಾಗಿ ಫಾರಸಿದಾಗ 'ಇತ್ರ್-ಎ-ನೌರಸ್ ಶಾಹಿ' ಅಂತ ಅತ್ತರಿನ ಪುಸ್ತಕನ ಬರದಾರ. ನಮ್ಮ ಬಾಗಲಕೋಟಿ 1997ರ ತನಕಾ ಬಿಜಾಪುರ ಜಿಲ್ಲಾದಾಗ ಇದ್ದದ್ದು, ಹಂಗಾಗಿ ಇದು ನಮ್ಮ ಮನಿಯ ಸುದ್ದಿ ಅಂದ್ರೂ ತಪ್ಪಲ್ಲ. ಉರುಸಿನಾಗ ಅತ್ತರ ಮಾರೋರನ್ನ ನೆನಸ್ಕೋರಿ. ಗಾಜಿನ ಕಡ್ಡಿ ಅದ್ದಿ, ಹತ್ತಿ ತುಣುಕಿಗೆ ಮುಟ್ಟಿಸಿ, ಕಿವಿ ಮ್ಯಾಲಿನ ಸಂದ್ಯಾಗ ಇಡತಿದ್ರು. ಅಂಗೈಗೆ ಸುರಕೊಂಡೋರನ್ನ ಯಾರಾದ್ರೂ ನೋಡೀರೇನು? ತುಟ್ಟಿ ಅಂತ ಮಾತ್ರ ಅಲ್ಲ. ಒಂದು ಕಿಲೋ ಗುಲಾಬಿ ಎಣ್ಣಿಗೆ ಮೂರು ನಾಕು ಸಾವಿರ ಕಿಲೋ ಪಕಳಿ ಬೇಕು. ಅಷ್ಟನ್ನ ಬಟ್ಟಿ ಇಳಿಸಿದ್ದನ್ನ ಕಡ್ಡೀಲಿಂದನ ಮುಟ್ಟಬೇಕು ಅನ್ನೋ ಅಳತಿ ಅತ್ತರಿನವರಿಗೆ ಗೊತ್ತಿತ್ತು. ಅಳತಿ ಅವರ ಹತ್ರ ಉಳೀತು, ಬಾಟ್ಲಿ ನಮ್ಮ ಮನಿಗೆ ಬಂತು.

ಮುಂದ ಮೈಸೂರು. ಗಂಧದ ಗಿಡಾ ಆಗ ಮೈಸೂರು ಸೀಮ್ಯಾಗ ಸರಕಾರದ್ದ ಆಗಿತ್ತು. 1792ರಾಗ ಟಿಪ್ಪು ಸುಲ್ತಾನ ಅದನ್ನ ಅರಸರ ಗಿಡಾ ಅಂತ ಮಾಡಿದ. ಕಟಿಗಿ ಮಾತ್ರ ನಮ್ಮದು, ಎಣ್ಣಿ ತೆಗಿಯೂದು ಹೊರಗ, ಹೆಚ್ಚಾಗಿ ಜರ್ಮನ್ಯಾಗ. 1914ರಾಗ ಮೊದಲನೇ ಮಹಾಯುದ್ಧ ಸುರು ಆತು, ಹಡಗ ನಿಂತ್ವು, ಕಟಿಗಿ ರಾಶಿ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ಸಡ್‌ಬರೋ, ವಾಟ್ಸನ್ ಅನ್ನೋ ಪ್ರೊಫೆಸರರು ಭಟ್ಟಿ ಇಳಿಸಿ ತೋರಿಸಿದ್ರು, 1916ರಾಗ ನಮ್ಮ ನೆಲದಾಗ ಗಂಧದೆಣ್ಣಿ ತಯಾರಾತು. ಅದ ಎಣ್ಣಿ ಹಾಕಿ 1918ರಾಗ ಮೈಸೂರು ಸ್ಯಾಂಡಲ್ ಸಾಬಾಣ ಮಾಡಿದ್ರು. ಸಾಬಾಣ ಕಲಿಯೂದಕ್ಕ ಎಸ್. ಜಿ. ಶಾಸ್ತ್ರಿಯವರನ್ನ ಇಂಗ್ಲೆಂಡಿಗೆ ಕಳಿಸಿದ್ರು.

ನಮ್ಮ ಕಡೆ ಆಗ ಮುಂಬೈ ಇಲಾಖೆ. ಮೈಸೂರಂದ್ರ ಬ್ಯಾರೆ ರಾಜ್ಯದ ಮಾತು. ಆದ್ರೂ ಆ ಸಾಬಾಣ ಬಂತು. ಲಗ್ನದ ಜವಳಿ ಜೋಡಿ ಕೊಡೋ ಸಾಬಾಣ, ತವರುಮನಿಯಿಂದ ಬಂದದ್ದು ಅಂತ ಟ್ರಂಕಿನಾಗ ಇಳಕಲ್ ಸೀರಿ ನಡುವ ಇಡೋ ಸಾಬಾಣ. ಮೈಗೆ ಹಚ್ಚೂಕಿಂತ ಸೀರಿಗೆ ಹಚ್ಚಿದ್ದ ಹೆಚ್ಚು. ಇಲ್ಲೊಂದು ಮಾತು ಲಕ್ಷ್ಯ ಇಡ್ರಿ. ಭಟ್ಟಿ ಎಣ್ಣಿ ನಮ್ಮ ಮನಿಗೆ ಮೊದಲ ಬಂದದ್ದು ಹಿಂಗ, ಸಾಬಾಣದಾಗ ಕರಗಿ, ಯಾರೋ ತಿಳದವರು ಅಳತಿ ಮಾಡಿ ಕಲಸಿದ ಮ್ಯಾಲ. ಅಮೃತಾಂಜನನೂ ಹಂಗ. 1893ರಾಗ ಮುಂಬೈದಾಗ ಕಾಶೀನಾಥುನಿ ನಾಗೇಶ್ವರರಾವ್ ಅನ್ನೋ ತೆಲುಗು ದೊಡ್ಡಮನುಷ್ಯರು ಸುರು ಮಾಡಿದ್ದು. ಕರ್ಪೂರ, ನೀಲಗಿರಿಯಂಥಾ ಖಾರ ಪದಾರ್ಥ ಮೇಣದಂಥಾ ಮುಲಾಮಿನಾಗ ಕೂಡಿಸಿದ್ದು. ಕೂಸಿನ ಹೊಟ್ಟಿ ನೋವಿನ ಗ್ರೈಪ್ ವಾಟರ್‌ನಾಗೂ ನಮ್ಮ ಸಬ್ಬಸಗಿ ಎಣ್ಣಿ ಇತ್ತು, ಅದೂ ನೀರಿನಾಗ ಅಳದು ಹಾಕಿದ್ದು.

ಅಳತಿ ಇಲ್ಲದ ಬರೇ ಭಟ್ಟಿ ಎಣ್ಣಿ ಬಂದದ್ದು ನೀಲಗಿರಿ. ಹೆಸರು ನಮ್ಮ ಬೆಟ್ಟದ್ದು, ಗಿಡಾ ಆಸ್ಟ್ರೇಲಿಯಾದ್ದು. ನಂದಿಬೆಟ್ಟದಾಗ ಟಿಪ್ಪು ಕಾಲದಾಗನ ಹಚ್ಚಿದ್ರು ಅಂತಾರ, ನೀಲಗಿರಿ ಬೆಟ್ಟಕ್ಕ 1843ರಾಗ ಬಂತು. ಊಟಿಗೆ ಹೋದೋರೆಲ್ಲಾ ಒಂದು ಬಾಟ್ಲಿ ತರತಿದ್ರು. ಕುದಿಯೋ ನೀರಿಗೆ ಎರಡು ಹನಿ ಹಾಕಿ ಉಗಿ ತಗೊಂಡ್ರ ದೊಡ್ಡವರ ಮೂಗು ಬಿಡತೈತಿ, ಖರೆ. ಆದ್ರ ಅದು ಕೂಸಿಗಲ್ಲ. ಹೋದ ಥಂಡಿಗಾಲದಾಗ ನಮ್ಮ ಓಣ್ಯಾಗ ಐದು ತಿಂಗಳ ಕೂಸಿಗೆ ನೆಗಡಿ ಆಗಿತ್ತು. ಎದಿಗೆ ಕರ್ಪೂರದೆಣ್ಣಿ ತಿಕ್ಕಿ, ನೀಲಗಿರಿ ಹಚ್ಚಿದ ಕೈವಸ್ತ್ರ ಕುಂಚಿಗ್ಯಾಗ ಇಟ್ಟು ಮಲಗಿಸಿದ್ರು. ಅರ್ಧ ತಾಸಿಗೆ ಕೂಸು ಕಣ್ಣು ಮ್ಯಾಲ ಮಾಡಿ ಸೆಟದು ನಿಂತಿತು, ಕೈಕಾಲು ಜಗ್ಗತಿದ್ವು. ಯಾರೋ ದೃಷ್ಟಿ ಅಂದ್ರು, ಯಾರೋ ಬಾಲಗ್ರಹ ಅಂದ್ರು. ಪುಣ್ಯಾಕ್ಕ ಅದರ ಅಪ್ಪ ಯಾರ ಮಾತೂ ಕೇಳದ ಗಾಡಿ ತಗದ, ಬಾಗಲಕೋಟಿಗೆ ಒಯ್ದ್ರು, ಕೂಸು ಉಳೀತು. ಡಾಕ್ಟರರು ಮೊದಲ ಕೇಳಿದ್ದು, "ಎದಿಗೆ ಏನು ಹಚ್ಚೀರಿ?" ಅಂತ. ಕರ್ಪೂರ, ನೀಲಗಿರಿ ಎಣ್ಣಿಲಿಂದ ಫಿಟ್ಸ್ ಬರತಾವ ಅಂತ ಬೆಂಗಳೂರಿನ ನರರೋಗ ತಜ್ಞರು ರೋಗಿಗಳನ್ನ ನೋಡಿ ಬರದಾರ, ಕೂಸುಗಳಿಗಷ್ಟ ಅಲ್ಲ, ದೊಡ್ಡವರಿಗೂ. ಆ ಮನಿ ಅಜ್ಜಿ ಮಾಡಿದ್ದು ಕಕ್ಕುಲಾತಿಯಿಂದ. ಆಕಿ ಕೈಗೆ ಗೊತ್ತಿದ್ದದ್ದು ಎಳ್ಳೆಣ್ಣಿ ಅಳತಿ, ಬಾಟ್ಲ್ಯಾಗ ಇದ್ದದ್ದು ಬ್ಯಾರೆ.

ಈಗ ಲ್ಯಾವೆಂಡರಿಗೆ ಬರೋಣು. ನಮ್ಮ ಲಾವಂಚ, ಅಂದ್ರ ಮುಡಿವಾಳ, ಅದ ಲ್ಯಾವೆಂಡರ್ ಅಂತ ಒಬ್ಬರು ವೈನಿ ನನ್ನ ಕೂಡ ವಾದಾ ಮಾಡಿದ್ರು. ಹೆಸರು ಒಂದಿಷ್ಟು ಕೂಡತೈತಿ, ಗಿಡಾ ಕೂಡೂದಿಲ್ಲ. ಲಾವಂಚ ಹುಲ್ಲಿನ ಬೇರು, ಲ್ಯಾವೆಂಡರ್ ನೇರಳೆ ಹೂವಿನ ಪೊದಿ. ಯುರೋಪದ ದಕ್ಷಿಣಕ್ಕ, ಬೆಟ್ಟದ ಕಲ್ಲುನೆಲದ್ದು. ನೀರು ನಿಂದ್ರೂದು ಅದಕ್ಕ ಆಗೂದಿಲ್ಲ, ನಮ್ಮ ಎರಿ ಮಣ್ಣಾಗ, ಈ ಬಿಸಲಾಗ ಬರೂದು ಕಷ್ಟ. ಆ ಕಡೆ ಹೆಣ್ಣಮಕ್ಕಳು ಒಣಾ ಹೂವನ್ನ ಅರಬಿ ಚೀಲದಾಗ ಕಟ್ಟಿ ಬಟ್ಟಿ ಪೆಟಿಗ್ಯಾಗ ಇಡತಿದ್ರು, ಅರಬಿ ತೊಳದ ನೀರಿಗೆ ಹಾಕತಿದ್ರು. ಲ್ಯಾಟಿನ್ ಭಾಷಾದಾಗ ತೊಳೆಯೂದು ಅನ್ನೋ ಮಾತಿನಿಂದನ ಈ ಹೆಸರು ಬಂತು ಅಂತ ಭಾಳ ಮಂದಿ ಹೇಳತಾರ.

ಔಷಧ ಅಂತ ಇದಕ್ಕ ಹೆಸರು ಬಂದದ್ದು ಒಬ್ಬ ಫ್ರೆಂಚ್ ರಸಾಯನ ತಜ್ಞನಿಂದ. ಲಿಯೋನ್ ಊರಿನ ರೆನೆ-ಮೋರಿಸ್ ಗಟ್‌ಫೋಸೆ. 1910ರಾಗ ಆತನ ಪ್ರಯೋಗಶಾಲಾದಾಗ ಸ್ಫೋಟ ಆಗಿ ಕೈ ಸುಟ್ಟವು, ಗಾಯ ಕೊಳಿಯೂದಕ್ಕ ಹತ್ತಿತು. ಲ್ಯಾವೆಂಡರ್ ಸತ್ತ್ವದಾಗ ತೊಳದದ್ದಕ್ಕ ಅದು ನಿಂತಿತು ಅಂತ ಆತನ ಬರದಾನ. 1937ರಾಗ ಆತ ಬರದ ಪುಸ್ತಕದಿಂದನ ಅರೋಮಾಥೆರಪಿ ಅನ್ನೋ ಮಾತು ಹಬ್ಬಿತು. ಈಗಿನವರು ಈ ಕಥಿ ಹೇಳುವಾಗ, ಆತ ಗಾಬರ್ಯಾಗಿ ಕೈಯನ್ನ ಬಾಜೂಕಿದ್ದ ಲ್ಯಾವೆಂಡರ್ ಎಣ್ಣಿ ಪಾತೇಲಿಗೆ ಅದ್ದಿದ, ಕೂಡ್ಲೆ ಆರಾಮಾತು ಅಂತ ಹೇಳತಾರ. ಹಂಗಲ್ಲ ಅದು. ಈ ಕಥಿ ನಂಬಿ ಹೋಳಿಗಿ ಹಂಚು ತಾಗಿದ ಕೈಗೆ ಎಣ್ಣಿ ಸುರಕೋಬ್ಯಾಡ್ರಿ. ಸುಟ್ಟ ಕೈಗೆ ನಳದ ತಣ್ಣೀರು, ಇಪ್ಪತ್ತು ನಿಮಿಷ, ಅದಕ್ಕಿಂತ ಚೊಲೋ ಮದ್ದಿಲ್ಲ.

ನಮ್ಮ ದೇಶದಾಗ ಈಗ ಕಾಶ್ಮೀರದ ಕಡೆ, ಜಮ್ಮುವಿನ ದೋಡಾ ಜಿಲ್ಲಾದ ಭದರವಾಹದಾಗ ಬೆಳೀತಾರ. ಗೋವಿನಜೋಳ ಬೆಳೀತಿದ್ದ ಸಣ್ಣ ರೈತರು ಜಮ್ಮುವಿನ ಸರಕಾರಿ ಸಂಶೋಧನಾ ಸಂಸ್ಥೆಯವರು ಕೊಟ್ಟ ಸಸಿ ಹಚ್ಚಿ ರೊಕ್ಕ ಕಂಡಾರ, ಅದಕ್ಕ ನೇರಳೆ ಕ್ರಾಂತಿ ಅಂತ ಹೆಸರು ಕೊಟ್ಟಾರ. 2022ರಾಗ ಅಲ್ಲಿ ಲ್ಯಾವೆಂಡರ್ ಹಬ್ಬನೂ ಆತು. ನೂರು ಕಿಲೋ ಹೂವಿಗೆ ಒಂದು, ಒಂದೂವರೆ ಕಿಲೋ ಎಣ್ಣಿ ಬರತೈತಿ. ಅಂದ್ರ ನಿಮ್ಮ 10 ಮಿಲಿ ಬಾಟ್ಲ್ಯಾಗ ಅರ್ಧ ಕಿಲೋಕ್ಕಿಂತ ಹೆಚ್ಚಿನ ಹೂವು ಕುಂತಾವ. ಎರಡು ಹಿಡಿ ಹೂವು ಹಾಕಿ ಕಾಸಿದ ಎಣ್ಣಿಗೂ ಇದಕ್ಕೂ ಹೋಲಿಕಿ ಹೆಂಗಾದೀತು?

ಇನ್ನೊಂದು ಮಜಾ ಕೇಳ್ರಿ. ಲ್ಯಾವೆಂಡರಿನ ಮೆತ್ತನ್ನ ವಾಸನಿಗೆ ಕಾರಣಾದ ಒಂದು ಮುಖ್ಯ ಪದಾರ್ಥ ಲಿನಲೂಲ್ ಅಂತ. ಅದ ಪದಾರ್ಥ ನಮ್ಮ ಹವೀಜದ ಎಣ್ಣ್ಯಾಗ ಮೂರರಾಗ ಎರಡು ಪಾಲು ಐತಿ! ಮಸಾಲಿ ಖಾರ ಕುಟ್ಟೂಕಿಂತ ಮೊದಲ ಹವೀಜ ಬೆಚ್ಚಗ ಮಾಡಿದಾಗ ಮನಸ್ಸಿಗೆ ಹಿತ ಅನಸ್ತೈತಲ್ಲ, ಅದರಾಗ ಇದರ ಪಾಲೂ ಐತಿ. ಮತ್ತ ಲ್ಯಾವೆಂಡರ್ ನಮ್ಮ ತುಳಸಿ, ಕಾಮಕಸ್ತೂರಿ, ಮರುಗ, ಪುದೀನ, ದೊಡ್ಡಪತ್ರೆ ಇವರ ಕುಲದ್ದ. ತುಳಸಿ ಹೆಸರಿಟ್ಟುಕೊಂಡ ಊರಾಗ ಕುಂತು ತುಳಸಿಯ ದೂರದ ಬೀಗರ ಬಗ್ಗೆ ಬರದಂಗಾತು. ದವನ ಈ ಕುಲದ್ದಲ್ಲ, ಆದ್ರ ದವನದ ಎಣ್ಣಿಯನ್ನ ನಮ್ಮ ಕರ್ನಾಟಕದಾಗ ಭಟ್ಟಿ ಇಳಿಸಿ ಪರದೇಶಕ್ಕ ಕಳಸತಾರ. ನಾವು ದವನದ ಹುಣ್ಣಿವಿಗೆ ಹನಮಪ್ಪಗ ಏರಿಸಿ ಸುಮ್ಮನಾಗತೀವಿ, ಅವರು ಅದನ್ನ ಶೀಸೆಕ್ಕ ತುಂಬಿ ಮಾರತಾರ.

ಸರಿ, ಬಾಟ್ಲಿ ಬಂದೈತಿ, ಏನು ಮಾಡೂದು. ನಿದ್ದಿಗೆ ಅಂದ್ರ ಅತ್ತರಿನವರ ಪದ್ಧತಿನ ಚೊಲೋ. ಹತ್ತಿ ತುಣುಕಿಗೆ ಒಂದೆರಡು ಹನಿ ಹಾಕಿ ತಲಿದಿಂಬಿನ ಮೂಲ್ಯಾಗ ಇಡ್ರಿ. ಮನಸ್ಸು ಒಂದಿಷ್ಟು ಹಗರಾಗತೈತಿ. ಆದ್ರ ಸಕ್ಕರಿ, ಬಿಪಿ ಗುಳಗಿ ಬಿಟ್ಟು ಇದನ್ನ ಮೂಸಕೋತ ಕುಂಡ್ರೋ ಮಾತಲ್ಲ. ತಲಿಗೆ, ಮೊಣಕಾಲಿಗೆ ಹಚ್ಚೂದಾದ್ರ ಎರಡು ಚಹಾ ಚಮಚ ಕೊಬ್ರೆಣ್ಣಿಗೋ ಎಳ್ಳೆಣ್ಣಿಗೋ ನಾಕು ಹನಿ, ಅಷ್ಟ. ಮೊದಲ ಮೊಣಕೈ ಒಳಗ ಹಚ್ಚಿ ಒಂದು ದಿನ ನೋಡ್ರಿ, ಕೆಂಪಾದ್ರ ನಿಮಗ ಬ್ಯಾಡ. ಸ್ನಾನದ ನೀರಿಗೆ ಹಂಗ ಹನಿ ಹಾಕಬ್ಯಾಡ್ರಿ. ಅಸ್ಮತ್ ಬೇಗಂ ನೋಡಿದಂಗ ಅದು ನೀರಿನ ಮ್ಯಾಲ ತೇಲತೈತಿ, ಕೂಡೂದಿಲ್ಲ, ಸೀದಾ ಬಂದು ಚರ್ಮಕ್ಕ ಅಂಟತೈತಿ.

ಸೀರಿ ಟ್ರಂಕಿಗೆ ಇದು ಖರೇ ಚೊಲೋ. ಹಳೇ ಅರಬಿ ಚೀಲದಾಗ ಒಣಗಿದ ಬೇವಿನ ಎಲಿ ತುಂಬಿ, ಅದರ ಮ್ಯಾಲ ಐದಾರು ಹನಿ ಹಾಕಿ ಮೂಲಿಗಿಡ್ರಿ. ಎಣ್ಣಿ ಸೀದಾ ಇಳಕಲ್ ಸೀರಿ ರೇಶ್ಮಿ ಸೆರಗಿಗೆ ತಾಗಬಾರದು, ಕಲಿ ಬಿದ್ರ ಅಳಬೇಕಾಗತೈತಿ. ವಾಸನಿ ಹಾರಿ ಹೋಗತೈತಿ, ಎರಡು ತಿಂಗಳಿಗೊಮ್ಮೆ ಮತ್ತ ಹಾಕಬೇಕು. ಡಾಂಬರ ಗುಳಗಿಯಷ್ಟು ಜೋರಿಲ್ಲ, ಆದ್ರ ಡಾಂಬರ ಗುಳಗಿ ಇಟ್ಟ ಅರಬಿ ಕೂಸಿಗೆ ಸುತ್ತಬಾರದು ಅಂತ ಡಾಕ್ಟರರು ಹೇಳತಾರ, ಕೆಲವು ಕೂಸುಗಳಿಗೆ ಅದರಿಂದ ರಕ್ತ ಒಡದು ಕಾಮಾಲಿ ಆಗತೈತಿ. ಗುಂಗಾಡಿಗೆ ಲ್ಯಾವೆಂಡರ್ ಸ್ವಲ್ಪ ಹೊತ್ತು ಅಷ್ಟ. ಮಚ್ಚರದಾನಿ ಬಿಡಬ್ಯಾಡ್ರಿ.

ವರ್ಷದೊಳಗಿನ ಕೂಸಿಗೆ ಇದನ್ನ ಹಚ್ಚಬ್ಯಾಡ್ರಿ, ಮೂಗಿನ ಹತ್ರ ಇಡಬ್ಯಾಡ್ರಿ. ಹೊಟ್ಟಿಲೆ ಇದ್ದೋರು ಡಾಕ್ಟರನ್ನ ಕೇಳ್ರಿ. ಹೊಟ್ಟಿಗೆ ಯಾರೂ ತಗೋಬ್ಯಾಡ್ರಿ. ಮೊಮ್ಮಕ್ಕಳು ಆಡಿಕೋತ ಕುಡದ್ರ ವಾಂತಿ ಮಾಡಿಸೂಕ ಹೋಗಬ್ಯಾಡ್ರಿ, ಪುಪ್ಪಸಕ್ಕ ಇಳದ್ರ ಇನ್ನೂ ಕೆಡಕು. ಬಾಟ್ಲಿ ಕೈಯಾಗ ಹಿಡಕೊಂಡು ದವಾಖಾನಿಗೆ ಓಡ್ರಿ, ಏನು ಕುಡದೈತಿ ಅಂತ ಅವರಿಗೆ ಗೊತ್ತಾಗಬೇಕು.

ಬಾಟ್ಲಿ ದೇವರ ಜಗಲಿ ಮ್ಯಾಲ, ಕಿಟಕ್ಯಾಗ ಇಡೂದು ಬಿಡ್ರಿ. ನಮ್ಮ ಬ್ಯಾಸಗಿಗೆ ಗಾಳಿ ಬಿಸಲು ಕೂಡಿ ಎಣ್ಣಿ ಕೆಡತೈತಿ, ಕೆಟ್ಟ ಲ್ಯಾವೆಂಡರ್ ಚರ್ಮಕ್ಕ ತುರಿಕಿ ತರತೈತಿ. ಮುಚ್ಚಳಾ ಬಿಗಿ ಮಾಡಿ ಕತ್ತಲಿ ಕಪಾಟಿನಾಗ, ಮಕ್ಕಳ ಕೈಗೆ ನಿಲುಕದ ಅಡ್ಡಣಿಗಿ ಮ್ಯಾಲ ಇಡ್ರಿ. ಒಡದ ತಾರೀಖು ಒಂದು ಚೀಟ್ಯಾಗ ಬರದು ಬಾಟ್ಲಿಗೆ ಅಂಟಸ್ರಿ. ವರ್ಷ ದಾಟಿದ್ದನ್ನ ಮೈಗೆ ಹಚ್ಚದ ನೆಲಾ ಒರಸೋ ಬಕೀಟಿಗೆ ಹಾಕ್ರಿ.